ಹೊಗಳಲೂ ಇಲ್ಲ, ಹಂಗಿಸಲೂ ಇಲ್ಲ

ಗ್ರಹಗಳನ್ನೆಲ್ಲ ದಾಟಿ ಹೋಗಿರುವ ವಾಯೇಜರ್ ಎಂಬ ಎರಡು ಬಾಹ್ಯಾಕಾಶ ನೌಕೆಗಳಲ್ಲಿ ಹಿಂದೂಸ್ತಾನಿ ಸಂಗೀತದ ಜೈಪುರ-ಅತ್ರೌಲಿ ಘರಾಣೆಯ ಭೈರವಿ ರಾಗ ಇದೆ ಎಂದು ಧಾರವಾಡದಲ್ಲಿ ಯಾರಿಗಾದರೂ ಹೇಳಿ ನೋಡಿ. ಆಶ್ಚರ್ಯಪಡುವವರು ಕಡಿಮೆ. "ಇರಬೇಕಲ್ಲ ಮತ್ತ" ಎಂದು ಚಹಾ ಹೀರುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ಊರಲ್ವಾ, ಅವರಿಗೆ ಅದು ಮನೆಯವರದೇ ಸುದ್ದಿ. ಹಾಡಿದವರು ಕೇಸರಬಾಯಿ ಕೇರ್ಕರ್, ಉಸ್ತಾದ್ ಅಲ್ಲಾದಿಯಾ ಖಾನರ ಶಿಷ್ಯೆ. ಮನ್ಸೂರರು ಕಲಿತದ್ದು ಅದೇ ಖಾನ್ ಸಾಹೇಬರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನ್ ಹತ್ತಿರ. ವಾಯೇಜರ್ 1 ಹಾರಿದ್ದು 1977ರ ಸೆಪ್ಟೆಂಬರ್ 5ಕ್ಕೆ. ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ಕ್ಕೆ.

ಆ ನೌಕೆಗಳಿಗೆ ಅಂಟಿಸಿದ ಚಿನ್ನದ ಲೇಪದ ತಾಮ್ರದ ತಟ್ಟೆಯಲ್ಲಿ ಏನೇನು ಇರಬೇಕು ಎಂದು ಆರಿಸಿದ ಸಮಿತಿಗೆ ಮುಖ್ಯಸ್ಥರಾಗಿದ್ದವರು ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್. ಸಂಗೀತ ಬಲ್ಲವರೊಬ್ಬರು ಈ ಹಾಡು ಬೇಕೇ ಬೇಕು ಅಂದರು. ರೆಕಾರ್ಡ್ ಹುಡುಕಿ ಹುಡುಕಿ, ಕೊನೆಗೆ ನ್ಯೂಯಾರ್ಕಿನಲ್ಲಿ ಒಂದು ಭಾರತೀಯ ಕುಟುಂಬದ ಅಂಗಡಿಯಲ್ಲಿ ಸಿಕ್ಕಿತು. ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳೂ ಇವೆ. ಕನ್ನಡವೂ ಇದೆ: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಇದನ್ನು ತರಗತಿಯಲ್ಲಿ ಕೇಳಿಸಿದಾಗ ಮೊದಲು ನಗು, ಆಮೇಲೆ "ಇನ್ನೊಮ್ಮೆ ಹಚ್ರಿ ಸರ".

ಅದು ಯಾರ ಕೈಗಾದರೂ ಸಿಗುತ್ತದೆಯೇ? ವಾಯೇಜರ್ 1 ಇನ್ನೊಂದು ನಕ್ಷತ್ರದ ಹತ್ತಿರ ಹೋಗಲು ಸುಮಾರು 40,000 ವರ್ಷ ಬೇಕು. ಹತ್ತಿರ ಅಂದರೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಜಾಸ್ತಿ ದೂರ. ಸೇಗನ್ ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ. ಅವರು ನಿಜವಾಗಿ ಕಾಗದ ಬರೆದದ್ದು ನಮಗೇ ಎಂದು ನನಗೆ ಅನ್ನಿಸುತ್ತದೆ. 'ಭೂಮಿಯ ಬಗ್ಗೆ ಹೊರಗಿನವರಿಗೆ ಏನು ಹೇಳ್ತೀರಿ?' ಎಂದು ಕೇಳಿದರೆ ನಾವೇ ಒಮ್ಮೆ ನಮ್ಮನ್ನು ನೋಡಿಕೊಳ್ಳಬೇಕಾಗುತ್ತದೆ.

ಫೋಟೋದ ಕಥೆಯೂ ಹಾಗೆಯೇ. 1990ರ ಫೆಬ್ರವರಿ 14ರಂದು, ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ವಾಯೇಜರ್ 1 ಹಿಂದಕ್ಕೆ ತಿರುಗಿ ಭೂಮಿಯ ಚಿತ್ರ ತೆಗೆಯಿತು. ಚಿತ್ರದಲ್ಲಿ ಭೂಮಿ ಒಂದು ಪಿಕ್ಸೆಲ್‌ಗಿಂತಲೂ ಸಣ್ಣದು. ಇದರಿಂದ ವಿಜ್ಞಾನಕ್ಕೆ ಹೊಸದೇನೂ ಸಿಗುವುದಿಲ್ಲ ಎಂದು ನಾಸಾದೊಳಗೇ ಗೊಣಗಾಟ ಇತ್ತು. ಸೂರ್ಯನ ಕಡೆ ಕ್ಯಾಮೆರಾ ತಿರುಗಿಸಿದರೆ ಹಾಳಾಗಬಹುದು ಎಂಬ ಭಯವೂ ಇತ್ತು. ಸೇಗನ್ ವರ್ಷಗಟ್ಟಲೆ ಬೆನ್ನು ಹತ್ತಿ ಅದನ್ನು ಮಾಡಿಸಿದರು. ವಿಜ್ಞಾನಕ್ಕೆ ಹೊಸದೇನೂ ಸಿಗಲಿಲ್ಲ, ಅದು ನಿಜ. ಆದರೆ ಆ ಚುಕ್ಕೆ ನೋಡಿದ ಮೇಲೆ ಹುಡುಗರು ಕೇಳುವ ಪ್ರಶ್ನೆಗಳು ಬೇರೆ ಆಗುತ್ತವೆ. ಪಾಠಪುಸ್ತಕದ ಸೌರಮಂಡಲದ ಚಿತ್ರ ತೋರಿಸಿದಾಗ ಆ ಪ್ರಶ್ನೆಗಳು ಯಾವತ್ತೂ ಬಂದಿಲ್ಲ.

ಸೇಗನ್ ಹುಟ್ಟಿದ್ದು 1934ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಬಟ್ಟೆ ಕಾರ್ಖಾನೆಯ ಕೆಲಸಗಾರ. ಟಿವಿಯಲ್ಲಿ ಬಂದದ್ದರಿಂದ ಅವರನ್ನು ಬರೀ ಮಾತುಗಾರ ಎಂದುಕೊಂಡವರು ಬಹಳ. ಶುಕ್ರ ಗ್ರಹ ಯಾಕೆ ಅಷ್ಟು ಕುದಿಯುತ್ತದೆ ಎಂಬುದಕ್ಕೆ ದಟ್ಟ ವಾತಾವರಣ ಶಾಖವನ್ನು ಹೊರಗೆ ಬಿಡದಿರುವುದೇ ಕಾರಣ ಎಂದು 1960ರ ಹೊತ್ತಿಗೇ ಲೆಕ್ಕ ಹಾಕಿ ತೋರಿಸಿದವರು ಅವರು. ಮಂಗಳನ ಮೇಲೆ ಋತು ಬದಲಾದಾಗ ಕಾಣುವ ಕಪ್ಪು ಬಿಳುಪು ಗಿಡಗಂಟಿ ಅಲ್ಲ, ಗಾಳಿಗೆ ಹಾರುವ ಧೂಳು ಎಂದು ವಾದಿಸಿದವರೂ ಅವರೇ. ಬೇರೆ ಲೋಕದಲ್ಲಿ ಜೀವ ಸಿಗಲಿ ಎಂದು ಜೀವಮಾನವೆಲ್ಲ ಹಂಬಲಿಸಿದ ಮನುಷ್ಯ, ಮಂಗಳದ ಮೇಲಿನ ಹಸಿರಿನ ಕನಸನ್ನು ತಾನೇ ಧೂಳಿಗೆ ಹಾಕಿದರು! ನನಗೆ ಸೇಗನ್ ಇಷ್ಟವಾಗುವುದು ಇಲ್ಲಿ.

1980ರ ಸೆಪ್ಟೆಂಬರಿನಲ್ಲಿ ಅವರ 13 ಕಂತುಗಳ ಟಿವಿ ಸರಣಿ ಶುರುವಾಯಿತು. 60 ದೇಶಗಳಲ್ಲಿ 50 ಕೋಟಿ ಜನ ನೋಡಿದರು ಎನ್ನುತ್ತಾರೆ. ಅಷ್ಟು ಹೆಸರು ಬಂದದ್ದು ಜೊತೆಯವರಿಗೆ ಹಿಡಿಸಲಿಲ್ಲ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು ಒಪ್ಪಲಿಲ್ಲ. ಎರಡು ವರ್ಷ ಬಿಟ್ಟು ಅದೇ ಅಕಾಡೆಮಿ ಜನಹಿತಕ್ಕಾಗಿ ಕೊಡುವ ಪದಕ ಕೊಟ್ಟಿತು. ಒಳಗೆ ಕುರ್ಚಿ ಇಲ್ಲ, ಹೊರಗೆ ಹಾರ ಉಂಟು. ನಮ್ಮ ಕಡೆಯೂ ಇದೇ ರೋಗ ಇದೆ. ಕನ್ನಡದಲ್ಲಿ, ಜನರಿಗೆ ತಿಳಿಯುವ ಹಾಗೆ ಬರೆಯುವ ಪ್ರೊಫೆಸರರನ್ನು ಸ್ಟಾಫ್ ರೂಮಿನಲ್ಲಿ "ಅವರು ಸುಮ್ನೆ ಪೇಪರಿಗೆ ಬರೀತಾರ" ಎಂದು ಬದಿಗೆ ಸರಿಸುತ್ತಾರೆ. ಇರಲಿ.

ಆ ಸರಣಿಯ ಒಂದು ತುಣುಕು ನಿಮ್ಮ ಮೊಬೈಲಿಗೂ ಬಂದಿರಬಹುದು. ಹತ್ತನೆಯ ಕಂತಿಗಾಗಿ ಸೇಗನ್ ತಮಿಳುನಾಡಿಗೆ ಬಂದಿದ್ದರು. ಪೊಂಗಲ್ ಹಬ್ಬ, ನಟರಾಜನ ಕಂಚಿನ ಮೂರ್ತಿ, ಬ್ರಹ್ಮನ ಹಗಲು ರಾತ್ರಿಯ ಮಾತು ಎಲ್ಲ ಅದರಲ್ಲಿದೆ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ರಾತ್ರಿಯೂ ಸೇರಿದರೆ 864 ಕೋಟಿ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ವಿಶ್ವದ್ದು ಸುಮಾರು 1380 ಕೋಟಿ. ಇಂದಿನ ವಿಶ್ವವಿಜ್ಞಾನದ ಅಳತೆಗೆ ಹೊಂದುವಷ್ಟು ದೊಡ್ಡ ಕಾಲಮಾನವನ್ನು ಯೋಚಿಸಿದ ಧರ್ಮ ಇದೊಂದೇ ಎಂದು ಸೇಗನ್ ಹೇಳುತ್ತಾರೆ. ಇಷ್ಟು ಕತ್ತರಿಸಿ, ಕೆಳಗೆ 'ನಮ್ಮ ಹಿರಿಯರಿಗೆ ಎಲ್ಲ ಮೊದಲೇ ಗೊತ್ತಿತ್ತು' ಎಂದು ಅಂಟಿಸಿ ಕಳಿಸುತ್ತಾರೆ.

ಸರಣಿಯ ಜೊತೆ ಬಂದ ಪುಸ್ತಕದಲ್ಲಿ ಅದೇ ಮಾತಿನ ನಡುವೆ ಸೇಗನ್ ಇನ್ನೊಂದು ಮಾತು ಸೇರಿಸಿದ್ದಾರೆ: ಈ ಹೊಂದಾಣಿಕೆ ಕಾಕತಾಳೀಯ, ಅದರಲ್ಲಿ ಅನುಮಾನ ಬೇಡ ಎಂದು. ಆ ಒಂದು ಮಾತು ಫಾರ್ವರ್ಡ್ ಆಗುವುದಿಲ್ಲ. ಅಷ್ಟು ದೊಡ್ಡ ಕಾಲವನ್ನು ಕಲ್ಪಿಸುವ ಧೈರ್ಯವನ್ನು ಅವರು ಮನಸಾರೆ ಮೆಚ್ಚುತ್ತಾರೆ. ಆದರೆ ಕಲ್ಪನೆಯೇ ಬೇರೆ, ಅಳತೆಯೇ ಬೇರೆ ಎಂಬುದನ್ನು ಮೆಚ್ಚುಗೆಯ ಭರದಲ್ಲಿ ಮರೆಯುವುದಿಲ್ಲ. ನಮ್ಮನ್ನು ಹೊಗಳಿ ಉಬ್ಬಿಸುವವರು ನಮ್ಮನ್ನು ದಡ್ಡರೆಂದೇ ಲೆಕ್ಕ ಹಿಡಿದಿರುತ್ತಾರೆ. ಸೇಗನ್ ಹಾಗೆ ಹಿಡಿಯಲಿಲ್ಲ.

ಇದರ ಇನ್ನೊಂದು ತುದಿಯನ್ನೂ ನೋಡಿದ್ದೇನೆ. ನಾನು ಕೆಲಸ ಮಾಡುವುದು ಅಣ್ಣಿಗೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ. ಒಮ್ಮೆ ಮೂಢನಂಬಿಕೆಯ ಮೇಲೆ ಭಾಷಣ ಮಾಡಲು ದೂರದಿಂದ ಒಬ್ಬರನ್ನು ಕರೆಸಿದ್ದೆವು. ಊರಿನ ಹೆಣ್ಣುಮಕ್ಕಳೂ ಬಂದು ಹಿಂದೆ ಕೂತಿದ್ದರು. ಭಾಷಣಕಾರರು ಗ್ರಹಣದ ದಿನ ಉಪವಾಸ ಮಾಡುವವರನ್ನು, ಲಿಂಬೆಹಣ್ಣು ಕಟ್ಟುವವರನ್ನು ಒಂದೊಂದಾಗಿ ಎತ್ತಿಕೊಂಡು ನಗೆಯಾಡಿದರು. ಹುಡುಗರೂ ನಕ್ಕರು. ಹಿಂದಿನ ಸಾಲು ಒಂದೊಂದೇ ಸೆರಗು ಸರಿಮಾಡಿಕೊಂಡು ಎದ್ದು ಹೋಯಿತು. ಭಾಷಣಕಾರರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೂ ಮುಂದಿನ ಸಲ ಕರೆದರೆ ಆ ಹೆಣ್ಣುಮಕ್ಕಳು ಯಾರೂ ಬರಲಿಲ್ಲ.

ಹೊಗಳದೆ, ಹಂಗಿಸದೆ ವಿಜ್ಞಾನ ಹೇಳಿದ ಇನ್ನೊಬ್ಬರು ನಮಗೆ ಹತ್ತಿರದವರು. ಪುಣೆ ಹೆದ್ದಾರಿ ಹಿಡಿದು ಬೆಳಗಾವಿ ದಾಟಿದರೆ ಕೊಲ್ಹಾಪುರ. ಅಲ್ಲಾದಿಯಾ ಖಾನರು ಶಾಹೂ ಮಹಾರಾಜರ ಆಸ್ಥಾನದಲ್ಲಿ ಹಾಡುತ್ತಿದ್ದ ಊರು. ಜಯಂತ ನಾರಳೀಕರ ಹುಟ್ಟಿದ್ದು ಅಲ್ಲಿ, 1938ರಲ್ಲಿ. ಬೆಳೆದದ್ದು ಬನಾರಸ್ಸಿನಲ್ಲಿ. ಕೇಂಬ್ರಿಡ್ಜಿನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾಗಿ ಗುರುತ್ವದ ಹೊಸ ಸಿದ್ಧಾಂತ ಕಟ್ಟಿ ಚಿಕ್ಕ ವಯಸ್ಸಿಗೇ ಹೆಸರಾದರು. 1972ರಲ್ಲಿ ಭಾರತಕ್ಕೆ ಮರಳಿದರು. 1988ರಲ್ಲಿ ಪುಣೆಯಲ್ಲಿ ಖಗೋಳವಿಜ್ಞಾನದ ಅಂತರ ವಿಶ್ವವಿದ್ಯಾಲಯ ಕೇಂದ್ರವನ್ನು ಕಟ್ಟಿ ನಿಲ್ಲಿಸಿದರು. ಮರಾಠಿಯಲ್ಲಿ ವಿಜ್ಞಾನದ ಕಥೆಗಳನ್ನು ಬರೆದರು. ಅವರ ಮರಾಠಿ ಆತ್ಮಕಥೆಗೆ 2014ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಖಗೋಳ ವಿಜ್ಞಾನಿಗೆ ಸಾಹಿತ್ಯದ ಪ್ರಶಸ್ತಿ!

ಮಕ್ಕಳು ಹಸ್ತಾಕ್ಷರ ಕೇಳಿದರೆ ನಾರಳೀಕರ ಕೊಡುತ್ತಿರಲಿಲ್ಲ. "ಒಂದು ಪೋಸ್ಟ್ ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸು, ಉತ್ತರದ ಕೆಳಗೆ ನನ್ನ ಸಹಿ ಇರುತ್ತದೆ" ಎನ್ನುತ್ತಿದ್ದರು. ಹೇಳಿದಂತೆ ಬರೆಯುತ್ತಿದ್ದರು ಕೂಡ. ಇನ್ನೊಂದು ಮಾತು. ವಿಶ್ವ ಮಹಾಸ್ಫೋಟದಿಂದ ಹುಟ್ಟಿತು ಎಂಬುದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಪುರಾವೆ ಹೆಚ್ಚೆಚ್ಚು ಆ ಕಡೆಯೇ ವಾಲಿತು, ಹೆಚ್ಚಿನ ವಿಜ್ಞಾನಿಗಳೂ ಆ ಕಡೆಯೇ ಹೋದರು. ಇವರು ಮಾತ್ರ ತಮ್ಮ ತಕರಾರನ್ನು ಲೆಕ್ಕ ಸಮೇತ ಮಂಡಿಸುತ್ತ ಬಂದರು. ನನಗೆ ಅವರ ಪಕ್ಷ ಸರಿ ಅನ್ನಿಸುವುದಿಲ್ಲ. ಆದರೆ ವಿಜ್ಞಾನದಲ್ಲಿ ಜಗಳ ಆಡುವುದು ಹೇಗೆ ಎಂದು ಹುಡುಗರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಜ್ಯೋತಿಷ್ಯದ ವಿಷಯದಲ್ಲೂ ಅವರು ಬೈಯಲಿಲ್ಲ. ಪರೀಕ್ಷೆ ಇಟ್ಟರು. 2008ರಲ್ಲಿ ಪುಣೆಯಲ್ಲಿ ಜೊತೆಗಾರರೊಂದಿಗೆ 200 ಮಕ್ಕಳ ಜಾತಕ ಸೇರಿಸಿದರು. ನೂರು ಮಕ್ಕಳು ಓದಿನಲ್ಲಿ ಬಹಳ ಜಾಣರು, ಇನ್ನು ನೂರು ಮಕ್ಕಳು ಬುದ್ಧಿಮಾಂದ್ಯರು. ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ ಕೊಟ್ಟು, ಯಾವುದು ಯಾವ ಗುಂಪಿನದು ಹೇಳಿ ಎಂದರು. 27 ಜನ ಉತ್ತರ ಕಳಿಸಿದರು. ಸರಿಯಾದದ್ದು ನೂರಕ್ಕೆ 46. ನಾಣ್ಯ ಹಾರಿಸಿದ್ದರೆ 50ರ ಹತ್ತಿರ ಬರುತ್ತಿತ್ತು. ಇದನ್ನು ಓದಿದವರಲ್ಲಿ ಎಷ್ಟು ಜನ ಜಾತಕ ಬಿಟ್ಟರೋ ಬಿಡಲಿಲ್ಲವೋ, ಒಂದು ನಂಬಿಕೆಯನ್ನು ಹೀಗೂ ಕೇಳಿ ನೋಡಬಹುದು ಎಂಬುದಂತೂ ಗೊತ್ತಾಯಿತಲ್ಲ.

ನಾರಳೀಕರ 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡರು. ಸೇಗನ್ 1996ರಲ್ಲೇ, 62ನೇ ವಯಸ್ಸಿಗೆ.

ಇವರಿಬ್ಬರನ್ನು ಓದಿ ನಾನೇನು ಮಾಡಿದೆ ಅಂದರೆ, ದೊಡ್ಡದೇನೂ ಇಲ್ಲ. ಶಾಲೆಯ ಪಾಲಿಗೆ ಒಂದು ಸಣ್ಣ ಟೆಲಿಸ್ಕೋಪ್ ಬಂದಿತ್ತು. ಕೆಲವು ವರ್ಷದ ಹಿಂದೆ ದೀಪಾವಳಿಯ ಹೊತ್ತಿಗೆ ಸಂಜೆಯಾದರೆ ಶನಿ ಚೆನ್ನಾಗಿ ಕಾಣುತ್ತಿತ್ತು. ನಮ್ಮದು ಎರಿ ಭೂಮಿ. ಗುಡ್ಡ ಇಲ್ಲ, ಮರ ಕಡಿಮೆ, ಎತ್ತ ನೋಡಿದರೂ ಆಕಾಶ ನೆಲ ಮುಟ್ಟುತ್ತದೆ. ಹಾಗಾಗಿ ಶಾಲೆಯ ಬಯಲಲ್ಲಿ ಸ್ಟ್ಯಾಂಡ್ ಇಟ್ಟು, ಬಂದವರಿಗೆ ತೋರಿಸೋಣ ಎಂದು ಕೂತೆವು.

ಶನಿ ಅಂದ ಕೂಡಲೇ ಅರ್ಧ ಜನ ಹಿಂದೆ ಸರಿದರು. ಒಬ್ಬ ಅಜ್ಜಿ ಬಾಯಿ ಬಿಟ್ಟು ಕೇಳಿಯೇ ಬಿಟ್ಟರು. "ಸರ, ಶನಿ ಮಾರಿ ನೋಡಬಾರದು ಅಂತಾರಲ್ರೀ. ನನ್ನ ಮೊಮ್ಮಗಗ ಮೊದಲ ಸಾಡೇಸಾತಿ ನಡದೈತಿ."

ಆ ಹೊತ್ತಿಗೆ ಶನಿ ಕಾಟ ಸುಳ್ಳು ಎಂದು ನಾನು ಹೇಳಿದ್ದರೆ ಅವರು ಮನೆಗೆ ಹೋಗುತ್ತಿದ್ದರು. ಸುಮ್ನೆ ಲೆಕ್ಕ ಮಾಡಿದೆವು. ಶನಿ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಮೂವತ್ತು ಎಂದೇ ಹಿಡಿಯಿರಿ. ಹನ್ನೆರಡು ರಾಶಿಗೆ ಹಂಚಿದರೆ ಒಂದಕ್ಕೆ ಎರಡೂವರೆ ವರ್ಷ. ಜಾತಕದ ರಾಶಿ, ಅದರ ಹಿಂದಿನದು, ಮುಂದಿನದು, ಮೂರು ಸೇರಿದರೆ ಏಳೂವರೆ. ಟೆಲಿಸ್ಕೋಪ್ ಇಲ್ಲದ ಕಾಲದಲ್ಲಿ, ಬರಿಗಣ್ಣಿನಿಂದ, ತಲೆಮಾರುಗಟ್ಟಲೆ ನೋಡಿ ಗೊತ್ತುಮಾಡಿಕೊಂಡ ನಡಿಗೆ ಇದು. "ನೋಡಿದವರು ಸರಿಯಾಗೇ ನೋಡ್ಯಾರ, ಅಜ್ಜಿ. ಹೆದರಿಕೆ ಅದರಾಗ ಇಲ್ಲ. ಅದನ್ನ ಆಮೇಲೆ ಕೂಡಿಸ್ಯಾರ" ಎಂದೆ. ಅಜ್ಜಿ ಒಪ್ಪಿದರು ಅಂತ ಹೇಳಲಾರೆ. ಆದರೆ ಮುಂದೆ ಬಂದರು. ಒಂದು ಕಣ್ಣು ಮುಚ್ಚಿ ನೋಡಿದರು.

"ಇದರಾಗ ಚಿತ್ರಾ ಅಂಟಿಸೀರೇನ್ರೀ?"

ಮೊದಲ ಸಲ ಶನಿಯ ಬಳೆ ನೋಡಿದವರಲ್ಲಿ ಈ ಅನುಮಾನ ಬಹಳ ಜನಕ್ಕೆ ಬರುತ್ತದೆ. ಅಷ್ಟು ಅಚ್ಚುಕಟ್ಟಾಗಿರುತ್ತದೆ, ಕತ್ತರಿಸಿ ಅಂಟಿಸಿದಂತೆ. ಅನುಮಾನ ಬಂದದ್ದೇ ಒಳ್ಳೆಯದಾಯಿತು. ಮುಂದೆ ಕೈ ಅಡ್ಡ ಇಟ್ಟು ನೋಡಿ ಅಂದೆ. ಇಟ್ಟರು, ಶನಿ ಮಾಯ. ತೆಗೆದರು, ಮತ್ತೆ ಬಂತು. ಇನ್ನೂ ಸ್ವಲ್ಪ ಹೊತ್ತು ಹಾಗೇ ನೋಡುತ್ತಿರಿ, ಟೆಲಿಸ್ಕೋಪ್ ಯಾರೂ ಮುಟ್ಟುವುದಿಲ್ಲ ಎಂದೆ.

"ಸರಕೋಂತ ಹೊಂಟೈತಲ್ರೀ ಇದು!"

"ಅದು ಹೊಂಟಿಲ್ಲಜ್ಜಿ. ನಾವು ಹೊಂಟೀವಿ."

ಅಂಚಿಗೆ ಹೋಗಿ ಶನಿ ಕಣ್ಣಿನಿಂದ ಜಾರುವವರೆಗೂ ಅವರು ಬಿಡಲಿಲ್ಲ. ಭೂಮಿ ತಿರುಗುತ್ತದೆ ಎಂದು ನಾನು ವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಅದು ತಿರುಗುವುದನ್ನು ಅಜ್ಜಿ ಅವತ್ತು ಕಣ್ಣಾರೆ ಹಿಡಿದರು. ಆಮೇಲೆ ಕಟ್ಟೆಯ ಮೇಲೆ ಕೂತು ಗ್ರಹಣದ ಕಥೆ ಹೇಳಿದರು. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ನೆರಳು ಹಾದದ್ದು ನಮ್ಮ ಮೇಲೆಯೇ. ಕರಾವಳಿ ದಾಟಿ ಹುಬ್ಬಳ್ಳಿ, ಗದಗ, ರಾಯಚೂರು. ದೇಶದ ಬೇರೆ ಬೇರೆ ಕಡೆಯ ವಿಜ್ಞಾನಿಗಳು ಉಪಕರಣ ಕಟ್ಟಿಕೊಂಡು ಈ ಸೀಮೆಗೆ ಬಂದು ಬೀಡುಬಿಟ್ಟಿದ್ದರು. ಮಧ್ಯಾಹ್ನ ಕತ್ತಲಾದದ್ದು ಮೂರು ನಿಮಿಷವೂ ಇಲ್ಲ. "ನಾವೆಲ್ಲಾ ಬಾಗಲಾ ಹಾಕ್ಕೊಂಡು, ಕಿಡಕ್ಯಾಗ ಅರಬಿ ತುರಕಿ ಒಳಗ ಕುಂತಿದ್ವಿರೀ" ಎಂದರು. ಜಗತ್ತಿನವರು ಹುಡುಕಿಕೊಂಡು ಬರುವ ನೋಟ ಮನೆಯಂಗಳಕ್ಕೇ ಬಂದಿತ್ತು. ಯಾರೂ ಅವರಿಗೆ ಒಂದು ಮಾತು ಹೇಳಿರಲಿಲ್ಲ. ಈಗಲೂ ನನಗೆ ಆ ವಿಷಯ ನೆನೆದರೆ ಹೊಟ್ಟೆ ಉರಿಯುತ್ತದೆ.

ಆಕಾಶದ ಲೆಕ್ಕ ನಮ್ಮ ರೈತರಿಗೆ ಹೊಸದಲ್ಲ. ಯಾವ ಮಳೆಗೆ ಏನು ಬಿತ್ತಬೇಕು ಎಂದು ಕೇಳಿ, ರೋಹಿಣಿಯಿಂದ ಸ್ವಾತಿಯವರೆಗೆ ಹೇಳುತ್ತಾರೆ. ಮಿರಗದ ಮಳೆ ಹಿಡಿಯುವುದು ಜೂನ್ 8ರ ಸುಮಾರಿಗೆ. ಆಗ ಸೂರ್ಯ ಮೃಗಶಿರ ನಕ್ಷತ್ರದ ದಿಕ್ಕಿನಲ್ಲಿ ಇರುತ್ತಾನೆ. ಹಾಗಾಗಿ ಮಿರಗದ ಮಳೆ ಬರುವ ದಿನಗಳಲ್ಲೇ ಆ ನಕ್ಷತ್ರ ಕಾಣುವುದಿಲ್ಲ, ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಅದನ್ನು ನೋಡಬೇಕೆಂದರೆ ಡಿಸೆಂಬರಿಗೆ ಬನ್ನಿ. ಮಾರ್ಗಶಿರದ ಹುಣ್ಣಿಮೆಯ ಚಂದ್ರ ಅದರ ಹತ್ತಿರ ಇರುತ್ತಾನೆ, ಪಕ್ಕದಲ್ಲಿ ಮಹಾವ್ಯಾಧ ಎಂಬ ನಕ್ಷತ್ರಪುಂಜದ ಮೂರು ಚುಕ್ಕೆಯ ನಡುಪಟ್ಟಿ. ಆರಿದ್ರಾ ಎಂದು ಮಳೆಗೆ ಹೆಸರು ಕೊಟ್ಟ ಕೆಂಪು ನಕ್ಷತ್ರವೂ ಅಲ್ಲೇ. ಇದನ್ನು ಹಿಂಗಾರಿ ಕಡಲೆಯ ಹೊಲದಲ್ಲಿ ನಿಂತು ಒಬ್ಬ ಕಾಕಾನಿಗೆ ತೋರಿಸಿದಾಗ ಅವರು ಬಹಳ ಹೊತ್ತು ಮೇಲೆ ನೋಡಿ, "ಇಷ್ಟು ವರ್ಷ ಇವನ ಹೆಸರಿನ್ಯಾಗ ಬಿತ್ತೀನಿ, ಮಾರಿ ಇವತ್ತ ನೋಡಿದೆ ನೋಡ್ರಿ" ಎಂದರು. ಈ ನಕ್ಷತ್ರಗಳಿಂದ ಮಳೆ ಬರುವುದಿಲ್ಲ. ಅವು ತಾರೀಖು ಹೇಳುತ್ತವೆ, ಅಷ್ಟೇ. ಇದನ್ನು ಕಾಕಾನಿಗೆ ಬಿಡಿಸಿ ಹೇಳಬೇಕಾಗಿಯೇ ಬರಲಿಲ್ಲ. ಮಳೆ ಕೈಕೊಟ್ಟ ವರ್ಷಗಳನ್ನು ಅವರು ನನಗಿಂತ ಜಾಸ್ತಿ ಕಂಡಿದ್ದಾರೆ.

ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಈಗ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಒಂದು ದಿನ ಸಾಲದು. ಆದರೆ ಬಸ್ಸು ಮಾಡಿಕೊಂಡು ಹೋಗಲೇಬೇಕೆಂದಿಲ್ಲ. ಆಗಸ್ಟ್ ಎರಡನೇ ವಾರದಲ್ಲಿ ಒಂದು ದಿನ, ಹನ್ನೆರಡೂವರೆ ದಾಟುವ ಹೊತ್ತಿಗೆ ನಮ್ಮ ಕಡೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಪೈಪಿನ ತುಂಡಿಗೆ ನೆರಳೇ ಇರುವುದಿಲ್ಲ. ಮೇ ಮೊದಲ ವಾರದಲ್ಲೂ ಹೀಗಾಗುತ್ತದೆ, ಆಗ ಶಾಲೆಗೆ ರಜೆ. ಆಗಸ್ಟಿನಲ್ಲಿ ಮೋಡ. ಖಗೋಳ ತೋರಿಸುವವನ ಹಣೆಬರಹ ಅಷ್ಟೇ.

ನಾರಳೀಕರ ಅವರ ಪೋಸ್ಟ್ ಕಾರ್ಡಿನ ಉಪಾಯವನ್ನು ಮಾತ್ರ ನಾನು ನಾಚಿಕೆ ಇಲ್ಲದೆ ಎತ್ತಿಕೊಂಡಿದ್ದೇನೆ. ಲ್ಯಾಬಿನ ಬಾಗಿಲ ಹತ್ತಿರ ಒಂದು ಬಿಸ್ಕಿಟ್ ಡಬ್ಬಿ ಇದೆ. ಪ್ರಶ್ನೆ ಬರೆದು ಹಾಕಬೇಕು. ಹೆಸರು ಬೇಕಿಲ್ಲ. ಮೊದಲು ಬಂದವೆಲ್ಲ ಪರೀಕ್ಷೆಯ ಪ್ರಶ್ನೆಗಳೇ, 'ಸೌರಮಂಡಲ ಎಂದರೇನು' ಅಂತ. ಮಕ್ಕಳಿಗೆ ನಾವು ಅಷ್ಟನ್ನೇ ಕಲಿಸಿದ್ದೇವೆ. ದಿನ ಕಳೆದಂತೆ ದಾರಿಗೆ ಬಂದರು. 'ಚುಕ್ಕೆಗೆ ಚುಕ್ಕೆ ಹಾಯುತ್ತದೆಯೇ?' 'ಹಗಲಿನಲ್ಲಿ ಚಂದ್ರ ಕಂಡರೆ ಅದು ನಿನ್ನೆಯದೋ ಇವತ್ತಿನದೋ?'

ಹೋದ ತಿಂಗಳು ಬಂದದ್ದು ಇದು: 'ನಮಗೆ ಹುಣ್ಣಿಮೆ ಇದ್ದಾಗ ಚಂದ್ರನ ಮೇಲೆ ನಿಂತವರಿಗೆ ಭೂಮಿ ಹೆಂಗ ಕಾಣಬಹುದು?' ಉತ್ತರ ಹೇಳಲಿಲ್ಲ. ಲ್ಯಾಬಿನ ಕಿಟಕಿ ಮುಚ್ಚಿ, ಒಂದು ಬಲ್ಬು ಹಚ್ಚಿ, ಎರಡು ಚೆಂಡು ಕೊಟ್ಟೆ. ಒಬ್ಬ ಭೂಮಿ ಹಿಡಿದ, ಒಬ್ಬಳು ಚಂದ್ರ ಹಿಡಿದಳು. ತಿರುಗಿ ತಿರುಗಿ ಜಗಳ ಆಡಿದ ಮೇಲೆ ಅವನು, "ಸರ, ಅವರಿಗೆ ಅವತ್ತ ಅಮಾಸಿ" ಎಂದ. ಅವಳು ತಕ್ಷಣ, "ಅಮಾಸಿ ಅವರದಲ್ಲೋ, ಭೂಮೀದು" ಎಂದು ತಿದ್ದಿದಳು. ಆಮೇಲೆ ಚೆಂಡನ್ನು ಇನ್ನೂ ಸ್ವಲ್ಪ ಕೆಳಗೆ ಇಳಿಸಿದಳು. ಭೂಮಿಯ ನೆರಳು ಚಂದ್ರನ ಮೇಲೆ ಬಿತ್ತು. "ಹಂಗಾರ ಸರ, ನಮಗ ಚಂದ್ರಗ್ರಹಣ ಆದಾಗ ಅವರಿಗೇನು ಕಾಣತೈತ್ರಿ?"

ಅದನ್ನೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕು ಎಂದೆ. "ಈಗ ಹೇಳ್ರಿ" ಎಂದು ಕೂತುಬಿಟ್ಟಳು.